ಆಟದ ಗುರುವಿನ ಆಯ್ಕೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಜರಗಿದ ರಕ್ಷಕರ ಸಮಾವೇಶದಲ್ಲಿ ಹಳೆ ವಿದ್ಯಾರ್ಥಿಯೂ ನಿವೃತ್ತ ದೈಹಿಕ ಶಿಕ್ಷಣ ಅಧ್ಯಾಪಕರೂ ಆದವರೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ಶತಮಾನೋತ್ಸವದ ವೇದಿಕೆಗಳಲ್ಲಿ ಭಾಷೆಯ ಕುರಿತು, ಗಡಿನಾಡಿನ ನೋವುನಲಿವುಗಳ ಕುರಿತು ಮಾತನಾಡುವುದು ವಾಡಿಕೆ. ಅವುಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ನಿನ್ನೆಯೂ ಇಂದು ಬೆಳಗ್ಗೆಯೂ ಇಲ್ಲಿ ಮಾತನಾಡಿದ್ದಾರೆ. ನನಗೆ ಸಮಿತಿಯವರು ಒಪ್ಪಿಸಿದ ವಿಷಯ ಬೇರೆ. ಮಗುವಿಗೆ ಆಟ ಕಲಿಸಲು ಎಂಥವರನ್ನು ಆರಿಸಬೇಕೆಂಬುದನ್ನು ರಕ್ಷಕರಿಗೆ ತಿಳಿಸಬೇಕೆಂಬುದು ಅವರ ಅಪೇಕ್ಷೆ. ಮೂವತ್ತು ವರ್ಷ ಈ ಜಿಲ್ಲೆಯ ಬೇರೆಬೇರೆ ಶಾಲೆಗಳ ಬಯಲಿನಲ್ಲಿ ವಿಶಲ್ ಊದಿದವನು ನಾನು. ವೇದಿಕೆಯಲ್ಲಿ ನಿಂತು ಮಾತನಾಡುವ ಅಭ್ಯಾಸ ಕಡಿಮೆ. ಬಯಲಿನಲ್ಲಿ ಕಂಡದ್ದನ್ನು ಕಂಡಹಾಗೆ ಹೇಳುತ್ತೇನೆ.

ನಾವು ಈ ಶಾಲೆಯಲ್ಲಿ ಕಲಿಯುತ್ತಿದ್ದ ಕಾಲಕ್ಕೆ ಇಂಥದೊಂದು ಪ್ರಶ್ನೆಯೇ ಇರಲಿಲ್ಲ. ಕಬಡ್ಡಿಯನ್ನು ನಾವು ಕಲಿತದ್ದು ಕೊಯ್ಲು ಮುಗಿದ ಗದ್ದೆಯಲ್ಲಿ. ಕಲಿಸಿದವರು ನಮಗಿಂತ ನಾಲ್ಕೈದು ವರ್ಷ ದೊಡ್ಡವರಾದ ಹುಡುಗರು. ಅವರಿಗೆ ಕಲಿಸಿದವರು ಅವರ ಅಣ್ಣಂದಿರು. ಬಿದ್ದರೆ ಮಣ್ಣು ಮೆತ್ತಗಿತ್ತು. ಸಂಜೆಯಾದರೆ ಅಮ್ಮ ಕರೆಯುವಳು. ಅಲ್ಲಿಗೆ ಅಭ್ಯಾಸ ಮುಗಿಯಿತು. ಆ ಗದ್ದೆಗಳಲ್ಲಿ ಬಹುಪಾಲು ಈಗ ಅಡಿಕೆ ತೋಟ, ಇಲ್ಲವೇ ಮನೆಯ ಅಂಗಳ. ದೈಹಿಕ ಶಿಕ್ಷಕರ ಹುದ್ದೆಯೋ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. ಕನ್ನಡ ಮಾಧ್ಯಮದ ಅನೇಕ ಶಾಲೆಗಳಲ್ಲಿ ತರಗತಿಗಳು ಕಿರಿದಾದಂತೆ ಆ ಹುದ್ದೆಯೂ ಇಲ್ಲವಾಗುತ್ತದೆ. ಹೀಗೆ ಶಾಲೆಯ ಬಯಲು ಬರಿದಾದ ಹೊತ್ತಿಗೆ ಸರಿಯಾಗಿ ಹೆದ್ದಾರಿಯ ಬದಿಯಲ್ಲಿ ಟರ್ಫ್‌ಗಳು ಎದ್ದಿವೆ, ಬ್ಯಾಡ್ಮಿಂಟನ್ ಒಳಾಂಗಣಗಳು ಎದ್ದಿವೆ. ಎಪ್ರಿಲ್ ತಿಂಗಳು ಬಂತೆಂದರೆ ಬೇಸಿಗೆ ಶಿಬಿರಗಳ ಫ್ಲೆಕ್ಸ್‌ಗಳು ವಿದ್ಯುತ್ ಕಂಬಗಳಿಗೆಲ್ಲ ಸುತ್ತಿಕೊಳ್ಳುತ್ತವೆ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ ನಮ್ಮೂರ ಆಟಕ್ಕೂ ದುಡ್ಡಿನ ಬೆಲೆ ಬಂದಿತು. ತಳಂಗರೆಯ ಮೊಹಮ್ಮದ್ ಅಜರುದ್ದೀನ್ 2021ರ ಜನವರಿಯಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ, ಮುಂಬಯಿ ತಂಡದೆದುರು, 54 ಎಸೆತಗಳಲ್ಲಿ 137 ಓಟಗಳನ್ನು ಗಳಿಸಿ ಅಜೇಯನಾಗಿ ಮರಳಿದಾಗ ಕಾಸರಗೋಡಿನ ಎಷ್ಟು ಮನೆಗಳಲ್ಲಿ ಹೊಸ ಬ್ಯಾಟು ಖರೀದಿಯಾಯಿತೋ! ಅದು ಸಂತೋಷದ ಮಾತೇ. ಆದರೆ ಬ್ಯಾಟು ಕೊಂಡ ಮರುದಿನ, ಇವನನ್ನು ಯಾರ ಬಳಿ ಬಿಡೋಣ ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಗೆ ಹೆಚ್ಚಿನವರು ಉತ್ತರ ಹುಡುಕುವ ಕ್ರಮವನ್ನು ನಾನು ನೋಡಿದ್ದೇನೆ. ಫ್ಲೆಕ್ಸಿನಲ್ಲಿ ಯಾರ ಚಿತ್ರವಿದೆ, ಅವರ ಕಪಾಟಿನಲ್ಲಿ ಎಷ್ಟು ಕಪ್ಪುಗಳಿವೆ, ನೆರೆಮನೆಯ ಹುಡುಗ ಎಲ್ಲಿಗೆ ಹೋಗುತ್ತಾನೆ, ಶುಲ್ಕವೆಷ್ಟು ಎಂದು ವಿಚಾರಿಸುತ್ತಾರೆ. ಆಟ ಕಲಿಸುವುದನ್ನು ಕಣ್ಣಾರೆ ನೋಡಿ ಬಂದವರು ನೂರಕ್ಕೆ ಹತ್ತು ಮಂದಿಯೂ ಇರಲಾರರು. ನನಗೆ ಇದು ಬಹಳ ವಿಚಿತ್ರವಾಗಿ ತೋರುತ್ತದೆ. ಏಕೆಂದರೆ ಗುರುವನ್ನು ಆರಿಸುವ ವಿದ್ಯೆ ನಮ್ಮ ಊರಿಗೆ ಹೊಸದಲ್ಲ. ಪಾರ್ತಿಸುಬ್ಬ ಹುಟ್ಟಿದ ಸೀಮೆ ಇದು. ಮಗುವಿಗೆ ಯಕ್ಷಗಾನ ಕಲಿಸಬೇಕೆಂದರೆ ನಮ್ಮ ಅಮ್ಮಂದಿರು ಏನು ಮಾಡುತ್ತಾರೆ? ತರಗತಿ ನಡೆಯುವ ದೇವಸ್ಥಾನದ ಚಾವಡಿಗೆ ಹೋಗಿ ಮೂಲೆಯಲ್ಲಿ ಕುಳಿತು ನೋಡುತ್ತಾರೆ. ಗುರುಗಳು ತಾವೇ ಎದ್ದು ಹೆಜ್ಜೆ ಹಾಕಿ ತೋರಿಸುತ್ತಾರೆಯೇ, ತಾಳ ತಪ್ಪಿದ ಮಗುವನ್ನು ಎಷ್ಟು ಸಲ ತಿದ್ದುತ್ತಾರೆ ಎಂಬುದನ್ನು ಗಮನಿಸುತ್ತಾರೆ. ಬಾಲಗೋಪಾಲನ ವೇಷದಿಂದ ತೊಡಗಿ ಮೆಲ್ಲಮೆಲ್ಲನೆ ಮೇಲಕ್ಕೆ ಕರೆದೊಯ್ಯುವ ಗುರುವನ್ನು ಮೆಚ್ಚುತ್ತಾರೆ. ಕಲಿಯಲು ಬಂದ ತಿಂಗಳಲ್ಲಿಯೇ ಪುಂಡುವೇಷ ಕಟ್ಟಿಸಿ ರಂಗಕ್ಕೆ ನೂಕುವವರಿದ್ದರೆ ನಕ್ಕುಬಿಡುತ್ತಾರೆ. ಅದೇ ಅಮ್ಮ ಅದೇ ಮಗುವನ್ನು ಟರ್ಫಿನ ಗೇಟಿನಲ್ಲಿ ಸ್ಕೂಟರಿನಿಂದ ಇಳಿಸಿ, ಒಳಗೆ ಇಣುಕದೆ ಮರಳುತ್ತಾಳೆ. ಚಾವಡಿಯಲ್ಲಿದ್ದ ಕಣ್ಣು ಬಯಲಿಗೂ ಬೇಕೆಂಬುದೇ ನಾನಿಂದು ಹೇಳಲಿರುವ ಮಾತಿನ ತಿರುಳು.

ಹಾಗಾಗಿ ಮೊದಲನೆಯ ಕೆಲಸ, ಹಣ ಕಟ್ಟುವುದಕ್ಕೆ ಮುಂಚೆ, ಮೂರು ನಾಲ್ಕು ಸಂಜೆ ಬಯಲಿನ ಅಂಚಿನಲ್ಲಿ ಕುಳಿತು ನೋಡುವುದು. ರಕ್ಷಕರು ನೋಡಕೂಡದು ಎನ್ನುವ ತರಬೇತುದಾರರಿದ್ದರೆ ಅಲ್ಲಿಂದಲೇ ಮರಳಿ ಬರಬಹುದು, ವಿಚಾರ ಮುಗಿಯಿತು. ಕುಳಿತವರು ಏನನ್ನು ನೋಡಬೇಕು? ಒಂದು ಲೆಕ್ಕವನ್ನು ಹೇಳಿಕೊಡುತ್ತೇನೆ. ಯಾವುದಾದರೂ ಒಂದು ಮಗುವನ್ನು, ಸಾಧ್ಯವಾದರೆ ಗುಂಪಿನಲ್ಲೆಲ್ಲ ದುರ್ಬಲವಾಗಿ ಕಾಣುವ ಮಗುವನ್ನು, ಆರಿಸಿಕೊಳ್ಳಿ. ಹತ್ತು ನಿಮಿಷಗಳಲ್ಲಿ ಆ ಮಗುವಿಗೆ ಎಷ್ಟು ಸಲ ಚೆಂಡು ಸಿಕ್ಕಿತು ಎಂದು ಎಣಿಸಿ. ಇಪ್ಪತ್ತು ಮಕ್ಕಳು ಒಂದೇ ಸಾಲಿನಲ್ಲಿ ನಿಂತು, ಒಂದೇ ಚೆಂಡಿಗಾಗಿ ಕಾದು, ತನ್ನ ಸರದಿ ಬಂದಾಗ ಒಮ್ಮೆ ಒದ್ದು ಮತ್ತೆ ಸಾಲಿನ ಹಿಂದಕ್ಕೆ ಹೋಗುವ ಕಡೆ ಆ ಮಗುವಿಗೆ ಹತ್ತು ನಿಮಿಷದಲ್ಲಿ ನಾಲ್ಕು ಸಲವೂ ಚೆಂಡು ತಗಲಲಾರದು. ಅದೇ ಇಪ್ಪತ್ತು ಮಕ್ಕಳನ್ನು ಐದು ಗುಂಪು ಮಾಡಿ, ಐದು ಚೆಂಡು ಕೊಟ್ಟು, ಚಿಕ್ಕಚಿಕ್ಕ ಚೌಕಗಳಲ್ಲಿ ಆಡಿಸುವವರ ಬಳಿ ಅದು ಐವತ್ತು ಸಲವಾದರೂ ಆದೀತು. ಕೈಕಾಲಿಗೆ ಕೌಶಲ ಬರುವುದು ಮಾಡಿ ಮಾಡಿಯೇ ಹೊರತು ಸಾಲಿನಲ್ಲಿ ನಿಂತಲ್ಲ. ಮೊದಲನೆಯ ಕಡೆ ಶಿಸ್ತು ಕಣ್ಣಿಗೆ ಹಬ್ಬವಾಗಿರುತ್ತದೆ, ಎರಡನೆಯ ಕಡೆ ಸಂತೆಯ ಗದ್ದಲವಿರುತ್ತದೆ. ರಕ್ಷಕರು ಮೊದಲನೆಯದಕ್ಕೆ ಮನಸೋಲುವುದನ್ನು ಕಂಡು ನನಗೆ ಅನೇಕ ಸಲ ಬೇಸರವಾಗಿದೆ.

ಕಬಡ್ಡಿಯಂತಹ ಆಟದಲ್ಲಿ ಚೆಂಡಿಲ್ಲ, ಆದ್ದರಿಂದ ಅಲ್ಲಿ ಬೇರೆಯದನ್ನು ನೋಡಬೇಕು. ಒಳ್ಳೆಯವರು ಮೊದಲು ಬೀಳುವುದನ್ನು ಕಲಿಸುತ್ತಾರೆ. ಭುಜವನ್ನು ಹೇಗೆ ಒಳಗೆ ಎಳೆದುಕೊಳ್ಳಬೇಕು, ಅಂಗೈ ಊರದೆ ಹೇಗೆ ಉರುಳಬೇಕು ಎಂಬುದನ್ನು ದಿನಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಆಮೇಲೆ ಕಾಲ ನಡೆ, ಆಮೇಲೆ ಕೈಯಿಂದ ಮುಟ್ಟುವುದು, ಕಾಲ್ಬೆರಳಿನಿಂದ ಮುಟ್ಟುವುದು. ಹಿಡಿಯುವ ಕಡೆಯವರಿಗೆ ಕೈಕೈ ಹಿಡಿದ ಸರಪಳಿ, ಕಣಕಾಲಿನ ಹಿಡಿತ, ತೊಡೆಯ ಹಿಡಿತ. ಇವೆಲ್ಲ ನಿಧಾನವಾಗಿ, ಅರ್ಧ ವೇಗದಲ್ಲಿ, ಒಂದೊಂದಾಗಿ ನಡೆಯಬೇಕು. ಬಂದ ಮೊದಲನೆಯ ದಿನವೇ ಎರಡು ತಂಡ ಮಾಡಿ ಆಡಿಸಿ, ತಾನು ಗೆರೆಯ ಹೊರಗೆ ನಿಂತು ಕೂಗುವವನು ತರಬೇತುದಾರನಲ್ಲ, ರೆಫರಿ.

ಇನ್ನು ತಪ್ಪಿನ ವಿಷಯ. ಮಗು ತಪ್ಪು ಮಾಡಿದ ಮರುಕ್ಷಣ ತರಬೇತುದಾರರ ಬಾಯಿಂದ ಬರುವ ಮಾತನ್ನು ಕಿವಿಗೊಟ್ಟು ಕೇಳಿ. “ಎಷ್ಟು ಸಲ ಹೇಳಬೇಕು ನಿನಗೆ” ಎಂಬುದರಲ್ಲಿ ಕಲಿಯುವುದಕ್ಕೆ ಏನೂ ಇಲ್ಲ. “ಎಡಗಾಲು ಚೆಂಡಿನ ಪಕ್ಕಕ್ಕೆ ಬರಲಿ” ಎಂಬುದರಲ್ಲಿ ಇದೆ. ಒಂದು ಸಲಕ್ಕೆ ಒಂದೇ ತಿದ್ದುಪಡಿ ಹೇಳಿ, ಮತ್ತೆ ನಾಲ್ಕು ಸಲ ಮಾಡಲು ಬಿಟ್ಟು, ಸುಮ್ಮನೆ ನಿಂತು ನೋಡುವ ತಾಳ್ಮೆ ಇರುವವರು ಅಪರೂಪ. ಅಂಥವರು ಸಿಕ್ಕಿದರೆ ಅವರ ಕಪಾಟಿನಲ್ಲಿ ಒಂದೂ ಕಪ್ಪಿಲ್ಲದಿದ್ದರೂ ಬಿಡಬೇಡಿ. ಮಗು ಮನೆಗೆ ಬಂದ ಮೇಲೆ “ಇವತ್ತು ಗೆದ್ದೆಯಾ” ಎಂದು ಕೇಳುವ ಬದಲು “ಇವತ್ತು ಏನು ಹೇಳಿಕೊಟ್ಟರು, ಮಾಡಿ ತೋರಿಸು” ಎಂದು ಕೇಳಿ. ತನ್ನದೇ ಮಾತಿನಲ್ಲಿ ಹೇಳಿ, ಅಂಗಳದಲ್ಲಿ ಮಾಡಿ ತೋರಿಸಿದರೆ ಅಲ್ಲಿ ಕಲಿಕೆ ನಡೆದಿದೆ. ಎರಡು ತಿಂಗಳಾದರೂ ತೋರಿಸಲು ಏನೂ ಇಲ್ಲದಿದ್ದರೆ ನೀವು ಕಟ್ಟಿದ ಹಣ ಬಯಲಿನ ಬಾಡಿಗೆಗೆ ಸಂದಿದೆ.

ಇಲ್ಲಿ ನಮ್ಮ ಮಕ್ಕಳ ಭಾಷೆಯ ಮಾತು ಬರುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕ ಕನ್ನಡ, ಶಾಲೆಯಲ್ಲಿ ಕನ್ನಡ, ಬಯಲಿಗೆ ಬಂದರೆ ತರಬೇತುದಾರರು ಹೆಚ್ಚಾಗಿ ಮಲಯಾಳದವರು. ಕನ್ನಡ ಬಾರದವರ ಬಳಿ ಮಗುವನ್ನು ಬಿಡಬಾರದೆಂದು ವಾದಿಸುವವರಿದ್ದಾರೆ. ನಾನು ಆ ಪಕ್ಷದವನಲ್ಲ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ನಾನು ಕಂಡ ಅತ್ಯುತ್ತಮ ತರಬೇತುದಾರರಿಗೆ ಕನ್ನಡದ ಹತ್ತು ಶಬ್ದ ಬರುತ್ತಿರಲಿಲ್ಲ; ಕಣ್ಣಿನಿಂದ, ಕೈಯಿಂದ, ತಾವೇ ಮಾಡಿ ತೋರಿಸಿ ಕಲಿಸಿದರು. ಆದರೂ ಎಚ್ಚರ ಬೇಕು. ‘ಮಾರ್’ ಎಂದು ಅವರು ಕೂಗಿದರೆ ಸರಿದುಕೋ ಎಂದರ್ಥ. ನಮ್ಮ ಮಗುವಿನ ಕಿವಿಗೆ ಅದು ವ್ಯಾಪಾರದ ಮಾತು. ನಗೆಯ ಸಂಗತಿ ಹಾಗಿರಲಿ, ಕನ್ನಡ ಶಾಲೆಯ ಮಗು ಅರ್ಥವಾಗದಿದ್ದರೂ ತಲೆಯಾಡಿಸಿಬಿಡುತ್ತದೆ. ನಾಲ್ಕು ಮಂದಿಯ ಎದುರು ‘ತಿಳಿಯಲಿಲ್ಲ’ ಎನ್ನಲು ಅದಕ್ಕೆ ಸಂಕೋಚ. ಆ ತಲೆಯಾಡಿಸುವಿಕೆಯನ್ನು ನಂಬದೆ, ಹತ್ತಿರ ಬಂದು, ಇನ್ನೊಮ್ಮೆ ತೋರಿಸುವವರೇ ಎಂಬುದಷ್ಟೇ ಮುಖ್ಯ. ಕನ್ನಡದಲ್ಲಿಯೇ ಬೈಯುವವನಿಗಿಂತ ಮಲಯಾಳದಲ್ಲಿ ಕಲಿಸುವವರು ಮೇಲು. ಮಕ್ಕಳಿಗೆ ಮಲಯಾಳ ಚೆನ್ನಾಗಿ ಬಂದರೆ ಬಯಲಿನಲ್ಲಿಯೂ ಬಯಲಿನ ಹೊರಗೂ ಲಾಭವೇ. ಅದರಿಂದ ಕನ್ನಡಕ್ಕೆ ಕುಂದಿಲ್ಲ.

ದೊಡ್ಡ ಆಟಗಾರರಾಗಿದ್ದವರೇ ದೊಡ್ಡ ಗುರುಗಳಾಗುತ್ತಾರೆಂಬ ನಂಬಿಕೆ ಬಲವಾಗಿದೆ. ಸಚಿನ್ ತೆಂಡೂಲ್ಕರರ ಗುರು ರಮಾಕಾಂತ ಆಚ್ರೇಕರ್ ಆಡಿದ ಪ್ರಥಮ ದರ್ಜೆಯ ಪಂದ್ಯ ಒಂದೇ ಒಂದು. ಅಷ್ಟು ದೂರ ಏಕೆ, ನಮ್ಮ ಪಕ್ಕದ ಕಣ್ಣೂರಿಗೆ ಬನ್ನಿ. ಪಿ. ಟಿ. ಉಷಾ ಅವರು 1976ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಅಲ್ಲಿನ ಹೆಣ್ಣುಮಕ್ಕಳ ಕ್ರೀಡಾ ವಿಭಾಗಕ್ಕೆ ಸೇರಿದರು. ಅಲ್ಲಿ ತರಬೇತುದಾರರಾಗಿದ್ದ ಓ. ಎಂ. ನಂಬಿಯಾರ್ ವಾಯುಸೇನೆಯಲ್ಲಿದ್ದು ಬಂದವರು. ಆಟಗಾರರಾಗಿ ದೇಶವೆಲ್ಲ ಬಲ್ಲ ಹೆಸರು ಅವರದಾಗಿರಲಿಲ್ಲ. 1982ರ ದೆಹಲಿ ಏಷ್ಯಾಡಿನಲ್ಲಿ ಉಷಾ ಅವರಿಗೆ ಬೆಳ್ಳಿಯ ಪದಕಗಳು ಬಂದದ್ದು 100 ಮತ್ತು 200 ಮೀಟರ್ ಓಟಗಳಲ್ಲಿ. 400 ಮೀಟರ್ ಹರ್ಡಲ್ಸ್ ಅವರಿಗೆ ಮುಖ್ಯವಾದುದು ಆ ಬಳಿಕ. 1984ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಒಂದು ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚಿನ ಪದಕ ತಪ್ಪಿದ್ದು ಆ ಸ್ಪರ್ಧೆಯಲ್ಲಿಯೇ. ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದ 1985ರಲ್ಲಿಯೇ ನಂಬಿಯಾರ್ ಅವರಿಗೆ ಅದು ಸಂದಿತು. ಹನ್ನೆರಡರ ಹುಡುಗಿಯನ್ನು ಹಲವು ವರ್ಷ ಎದುರಿಗಿಟ್ಟುಕೊಂಡು ನೋಡಿ, ಅವಳಿಗೆ ಒಪ್ಪುವ ಓಟ ಯಾವುದೆಂದು ಕಂಡುಕೊಳ್ಳುವ ಸಹನೆಗೆ ಯಾವ ಪದಕ ಸಮನಾದೀತು?

ಪ್ರಮಾಣಪತ್ರಗಳನ್ನು ಕೇಳಬೇಕೇ ಎಂದರೆ, ಧಾರಾಳವಾಗಿ ಕೇಳಿ. ಪಟಿಯಾಲದಲ್ಲಿ 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ. ಅದೇ ಸಂಸ್ಥೆ ನಡೆಸುವ ಆರು ವಾರಗಳ ಪ್ರಮಾಣಪತ್ರ ಶಿಬಿರವೂ ಇದೆ. ‘ಎನ್‌ಐಎಸ್ ಆಗಿದೆ’ ಎಂದರೆ ಎರಡರಲ್ಲಿ ಯಾವುದು ಎಂದು ಕೇಳುವುದು ಅವಮಾನವಲ್ಲ. ಫುಟ್‌ಬಾಲಿನಲ್ಲಿ ಅಖಿಲ ಭಾರತ ಸಂಘದ ‘ಡಿ’ ಮೊದಲಾದ ಲೈಸೆನ್ಸ್‌ಗಳಿವೆ. ನನ್ನಂತೆ ದೈಹಿಕ ಶಿಕ್ಷಣದ ಪದವಿ ಪಡೆದವರು ಎಲ್ಲ ಆಟಗಳ ನಿಯಮಗಳನ್ನು ಬಲ್ಲೆವು, ಒಂದೊಂದು ಆಟದ ಸೂಕ್ಷ್ಮವನ್ನು ಬಲ್ಲೆವೆಂದು ಹೇಳಲಾಗದು. ಈಜು ಕಲಿಸುವವರಿಗಂತೂ ಮುಳುಗುವವರನ್ನು ಮೇಲೆತ್ತುವ, ಉಸಿರು ಮರಳಿಸುವ ತರಬೇತಿ ಇದೆಯೇ ಎಂದು ಕೇಳದೆ ಮಗುವನ್ನು ನೀರಿಗಿಳಿಸಬೇಡಿ. ಮಳೆಗಾಲ ಕಳೆದ ನಮ್ಮ ಕೆರೆಗಳ ಆಳ ಎಲ್ಲರಿಗೂ ಗೊತ್ತಿದೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ವಿಷಯ ಇನ್ನು ಮುಂದಿನದು. ಬೆಳೆಯುವ ಮಗುವಿನ ಎಲುಬು ದೊಡ್ಡವರ ಎಲುಬಿನ ಚಿಕ್ಕ ಆಕಾರವಲ್ಲ. ಎಲುಬಿನ ತುದಿಗಳಲ್ಲಿ ಬೆಳವಣಿಗೆ ನಡೆಯುವ ಮೆದುವಾದ ಭಾಗವೊಂದಿದೆ. ಹತ್ತರಿಂದ ಹದಿನೈದರ ನಡುವೆ ಮಗು ಒಮ್ಮೆಲೇ ಉದ್ದವಾಗುವಾಗ ಆ ಭಾಗದ ಮೇಲೆ ಸ್ನಾಯುಗಳ ಎಳೆತ ಹೆಚ್ಚುತ್ತದೆ. ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ನೋವು, ಹಿಮ್ಮಡಿಯಲ್ಲಿ ನೋವು ಎಂದು ಮಕ್ಕಳು ಹೇಳುವುದು ಈ ಕಾಲದಲ್ಲಿಯೇ. ನಮ್ಮ ಬಯಲುಗಳೋ ಮುರಕಲ್ಲಿನ ಪದವುಗಳು. ಜಿಗಿದರೆ ಮೊಣಕಾಲಿಗೆ ಕಲ್ಲೇ ಉತ್ತರ ಕೊಡುತ್ತದೆ. ಮಗು ನೋವೆಂದಾಗ ತರಬೇತುದಾರರು ಅಭ್ಯಾಸವನ್ನು ಕಡಿಮೆ ಮಾಡಿ ವೈದ್ಯರನ್ನು ಕಾಣಲು ಹೇಳುವರೇ, ನೆಪ ಎಂದು ಗದರಿಸುವರೇ ಎಂಬುದು ಬಲು ದೊಡ್ಡ ಪರೀಕ್ಷೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ನೀಡಿದ ಸಲಹೆಯಂತೆ, ಬಹುಪಾಲು ಆಟಗಳಲ್ಲಿ ಹದಿನೈದು ಹದಿನಾರು ವರ್ಷವಾಗುವ ತನಕ ಒಂದೇ ಆಟಕ್ಕೆ ಮಗುವನ್ನು ಕಟ್ಟಿಹಾಕಬಾರದು. ವಾರಕ್ಕೆ ಒಂದೆರಡು ದಿನ ಬಿಡುವು ಇರಬೇಕು. ವರ್ಷದಲ್ಲಿ ಒಟ್ಟು ಮೂರು ತಿಂಗಳು, ಬಿಡಿಬಿಡಿಯಾಗಿಯಾದರೂ, ಆ ಆಟದಿಂದ ದೂರವಿರಬೇಕು. ಕ್ರೀಡಾ ವೈದ್ಯರು ಬಳಸುವ ಇನ್ನೊಂದು ಸುಲಭದ ಅಳತೆಯೂ ಇದೆ: ಹತ್ತು ವರ್ಷದ ಮಗುವಿಗೆ ವಾರಕ್ಕೆ ಹತ್ತು ಗಂಟೆಗಿಂತ ಹೆಚ್ಚು ಕಟ್ಟುನಿಟ್ಟಿನ ತರಬೇತಿ ಬೇಡ, ಹನ್ನೆರಡರ ಮಗುವಿಗೆ ಹನ್ನೆರಡು ಗಂಟೆಗಿಂತ ಹೆಚ್ಚು ಬೇಡ. ಪ್ರಕೃತಿಯೇ ಮೂರು ತಿಂಗಳ ಮಳೆಯಿಂದ ನಮಗೆ ಬಿಡುವನ್ನು ಕೊಟ್ಟಿದೆ. ಅದನ್ನೂ ಒಳಾಂಗಣದಲ್ಲಿ ತುಂಬಿಸಬೇಕೆಂದೇನಿಲ್ಲ. ನಮ್ಮ ಊರಿನ ಹೆಸರನ್ನು ಜಗತ್ತಿಗೆಲ್ಲ ಕೇಳಿಸಿದ ಅನಿಲ್ ಕುಂಬ್ಳೆ ಆರಂಭಿಸಿದ್ದು ವೇಗದ ಬೌಲಿಂಗಿನಿಂದ. ಲೆಗ್ ಸ್ಪಿನ್ನಿಗೆ ತಿರುಗಿದ್ದು ಹದಿಹರೆಯದಲ್ಲಿ. ಆಟದ ನಡುವೆಯೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಯನ್ನೂ ಪಡೆದರು. ಎಂಟರ ವಯಸ್ಸಿಗೇ ‘ಇವನು ವೇಗಿ, ಬೇರೇನೂ ಬೇಡ’ ಎಂದು ತೀರ್ಪು ಕೊಡುವವರನ್ನು ಕಂಡಾಗ ನನಗೆ ಅವರ ನೆನಪಾಗುತ್ತದೆ.

ಒಂದು ಪ್ರಸಂಗವನ್ನು ಹೇಳಬೇಕು. ನಾನು ಕೆಲಸದಲ್ಲಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳಿದ್ದಳು. ಬೀಡಿ ಕಟ್ಟುವ ತಾಯಿಯ ಮಗಳು. ಕಬಡ್ಡಿಯಲ್ಲಿ ಅವಳ ಕಾಲಿನ ಚುರುಕನ್ನು ನಾನು ಮತ್ತೆ ಯಾರಲ್ಲಿಯೂ ಕಂಡಿಲ್ಲ. ಉಪಜಿಲ್ಲಾ ಪಂದ್ಯ ನೋಡಿದ ಹೊರಗಿನ ಕ್ಲಬ್ಬೊಂದರ ತರಬೇತುದಾರ ಮನೆಗೆ ಹೋಗಿ, ಶುಲ್ಕವೇ ಬೇಡ, ಹುಡುಗಿಯನ್ನು ನಮ್ಮಲ್ಲಿಗೆ ಕಳಿಸಿ ಎಂದ. ತಾಯಿಗೆ ದೇವರೇ ಬಂದಂತಾಯಿತು. ಕಬಡ್ಡಿಯ ಕಿರಿಯರ ವಿಭಾಗಗಳಲ್ಲಿ ವಯಸ್ಸಿನ ಜೊತೆಗೆ ದೇಹದ ತೂಕಕ್ಕೂ ಮಿತಿ ಇರುತ್ತದೆ. ತೂಕ ನೋಡುವ ದಿನ ಇವಳು ಮಿತಿಗಿಂತ ಸ್ವಲ್ಪ ಹೆಚ್ಚಿದ್ದುದರಿಂದ ಎರಡು ದಿನ ಊಟವನ್ನೂ, ಬಹುಮಟ್ಟಿಗೆ ನೀರನ್ನೂ ಬಿಡಿಸಿ, ಬಿಸಿಲಿನಲ್ಲಿ ಓಡಿಸಿದರು. ಸೆಮಿಫೈನಲಿನಲ್ಲಿ ಕಣಕಾಲು ತಿರುಚಿತು. ಫೈನಲಿಗೆ ಮುಂಚೆ ಪಟ್ಟಿ ಸುತ್ತಿ, ನೋವು ತಿಳಿಯದಂತೆ ಇಂಜೆಕ್ಷನ್ ಕೊಡಿಸಿ ಆಡಿಸಿದರು. ತಂಡ ಗೆದ್ದಿತು, ಕ್ಲಬ್ಬಿನ ಫ್ಲೆಕ್ಸಿನಲ್ಲಿ ಅವಳ ಚಿತ್ರವೂ ಬಂದಿತು. ಮುಂದಿನ ವರ್ಷ ಶಾಲೆಗೆ ಅವಳು ಕುಂಟುತ್ತ ಬರುತ್ತಿದ್ದಳು. ತಾಯಿ ನನ್ನಲ್ಲಿ ಕೇಳಿದ್ದು ಒಂದೇ ಮಾತು: “ಮಾಶ್ಟ್ರೇ, ಒಳಗೆ ಏನು ನಡೆಯುತ್ತದೆಂದು ನಮ್ಮಂಥವರು ಕೇಳಬಹುದಾ?”

ಕೇಳಬಹುದು. ಶುಲ್ಕ ಕೊಟ್ಟವರೂ ಕೇಳಬಹುದು, ಕೊಡದವರೂ ಕೇಳಬಹುದು. ತೂಕಕ್ಕಾಗಿ ಮಗುವಿಗೆ ನೀರು ಬಿಡಿಸುವವರು, ನೋವಿನ ಮೇಲೆ ಆಡಿಸುವವರು, ಹೆಸರು ಹೇಳದ ಪುಡಿ ಮಾತ್ರೆಗಳನ್ನು ಕೊಡುವವರು, ಜನನ ಪ್ರಮಾಣಪತ್ರದಲ್ಲಿ ಎರಡು ವರ್ಷ ಇಳಿಸೋಣವೆಂದು ಪಿಸುಗುಡುವವರು, ಇವರಿಗೆ ಎರಡನೆಯ ಅವಕಾಶ ಕೊಡುವ ಅಗತ್ಯವಿಲ್ಲ. ವಯಸ್ಸಿನ ಮೋಸವಂತೂ ಈಗ ಮಣಿಕಟ್ಟಿನ ಎಲುಬಿನ ಎಕ್ಸ್‌ರೇಯಲ್ಲಿ ಹೊರಬೀಳುತ್ತದೆ. ಶಿಕ್ಷೆ ಬೀಳುವುದು ಮಗುವಿಗೆ. ಎಪ್ರಿಲ್ ತಿಂಗಳ ಬಿಸಿಲಿನಲ್ಲಿ ನೀರು ಕುಡಿಯಲು ಎಷ್ಟು ಸಲ ಬಿಡುತ್ತಾರೆ, ತುಲಾಮಾಸದ ಸಂಜೆ ಗುಡುಗು ಕೇಳಿದ ಕೂಡಲೇ ಮಕ್ಕಳನ್ನು ಬಯಲಿನಿಂದ ಒಳಗೆ ಕರೆಯುತ್ತಾರೆಯೇ ಎಂಬುದನ್ನೂ ನೋಡಿಕೊಳ್ಳಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಬಿಚ್ಚಿ ಮಾತನಾಡಬೇಕು. ಗಂಡುಮಕ್ಕಳಿಗೂ ಇದು ಅನ್ವಯಿಸುತ್ತದೆ. 2023ರಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ದೂರನ್ನು ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ. ಪದಕ ಗೆದ್ದವರಿಗೇ ಬಾಯಿ ತೆರೆಯುವುದು ಅಷ್ಟು ಕಷ್ಟವಾದರೆ ಹನ್ನೆರಡರ ಮಗುವಿನ ಗತಿಯೇನು? ಆಟ ಕಲಿಸುವಾಗ ಮೈ ಮುಟ್ಟಬೇಕಾಗುತ್ತದೆ, ಕಬಡ್ಡಿ ಕುಸ್ತಿಗಳಲ್ಲಿ ಮುಟ್ಟದೆ ಕಲಿಸಲಾಗದು. ಒಳ್ಳೆಯ ತರಬೇತುದಾರರು ಎಲ್ಲಿ ಏಕೆ ಹಿಡಿಯುತ್ತೇನೆಂದು ಮೊದಲೇ ಹೇಳಿ, ಎಲ್ಲರ ಎದುರಿನಲ್ಲಿ, ಸಾಧ್ಯವಾದಷ್ಟು ಮಕ್ಕಳಿಂದಲೇ ಒಬ್ಬರಿಗೊಬ್ಬರು ಮಾಡಿಸುತ್ತಾರೆ. ಒಬ್ಬಳನ್ನೇ ತಡವಾಗಿ ಉಳಿಸಿಕೊಳ್ಳುವುದು, ರಾತ್ರಿ ಮಗುವಿನ ಫೋನಿಗೆ ನೇರವಾಗಿ ಸಂದೇಶ ಕಳಿಸುವುದು, ‘ಇದನ್ನು ಮನೆಯಲ್ಲಿ ಹೇಳಬೇಡ’ ಎನ್ನುವುದು, ಇವುಗಳಲ್ಲಿ ಯಾವುದೊಂದೂ ತರಬೇತಿಯ ಭಾಗವಲ್ಲ. ಪರವೂರಿನ ಪಂದ್ಯಕ್ಕೆ ಹೋಗುವಾಗ ಜೊತೆಯಲ್ಲಿ ಹೆಂಗಸರು ಯಾರಿದ್ದಾರೆ, ಮಕ್ಕಳು ಎಲ್ಲಿ ಮಲಗುತ್ತಾರೆ, ಬಟ್ಟೆ ಬದಲಿಸಲು ಸ್ಥಳವೆಲ್ಲಿ ಎಂದು ಕೇಳಿ ತಿಳಿದುಕೊಳ್ಳಿ. 2012ರ ಪೋಕ್ಸೋ ಕಾನೂನಿನಂತೆ ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೇ ಅಪರಾಧ. 1098 ಎಂಬ ದೂರವಾಣಿ ಸಂಖ್ಯೆ ಮಕ್ಕಳಿಗೆ ಬಾಯಿಪಾಠವಾಗಿರಲಿ. ಇದೆಲ್ಲ ಕೇಳಿ ಹೆದರಿ, ಹುಡುಗಿ ದೊಡ್ಡವಳಾದಳೆಂದು ಎಂಟನೆಯ ತರಗತಿಗೆ ಆಟ ಬಿಡಿಸುವವರೂ ನಮ್ಮಲ್ಲಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಪ್ಪು ಮಾಡಿದವನನ್ನು ಬಯಲಿನಿಂದ ಓಡಿಸಬೇಕೇ ಹೊರತು ಹುಡುಗಿಯನ್ನಲ್ಲ.

ಕೊನೆಯದಾಗಿ, ಈ ಶಾಲೆಗೆ ನೇರವಾಗಿ ತಾಗುವ ಮಾತು. “ಹುಡುಗನಲ್ಲಿ ಪ್ರತಿಭೆ ಇದೆ, ಆದರೆ ಆ ಕನ್ನಡ ಶಾಲೆಯಿಂದ ಬಿಡಿಸಿ, ನಮ್ಮ ಅಕಾಡೆಮಿ ಇರುವ ಶಾಲೆಗೆ ಸೇರಿಸಿ” ಎಂದು ಹೇಳುವ ತರಬೇತುದಾರರು ಈಗ ಹೆಚ್ಚಾಗಿದ್ದಾರೆ. ಗಡಿಯಾಚೆಗೆ, ಮಂಗಳೂರಿಗೆ ಹೋಗುವವರಿಗೆ ಇನ್ನೊಂದು ತೊಡಕಿದೆ. ಇಲ್ಲಿನ ಶಾಲೆಯ ಮಗು ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂಬ ಮೆಟ್ಟಿಲುಗಳನ್ನು ಕೇರಳದಲ್ಲಿ ಹತ್ತಬೇಕು. ಅಲ್ಲಿನ ತರಬೇತುದಾರರ ಪರಿಚಯವೆಲ್ಲ ಕರ್ನಾಟಕದ ಸಂಘಗಳೊಂದಿಗೆ. ಆಮೇಲೆ ವಿಳಾಸ ಬದಲಿಸುವ ಮಾತು ಬರುತ್ತದೆ. ಮಗು ಯಾವ ರಾಜ್ಯದ ಪರವಾಗಿ ಆಡುವುದೆಂಬುದನ್ನು ಸೇರುವ ದಿನವೇ ಕೇಳಿ ಇತ್ಯರ್ಥ ಮಾಡಿಕೊಳ್ಳಿ. ನನ್ನ ಅಭಿಪ್ರಾಯ ಹೀಗಿದೆ: ಏಳನೆಯ ತರಗತಿಯ ವರೆಗೆ ಯಾವ ಆಟಕ್ಕಾಗಿಯೂ ಮಗುವನ್ನು ಮನೆಯಿಂದಾಗಲಿ ಶಾಲೆಯಿಂದಾಗಲಿ ಕೀಳಬೇಕಾಗಿಲ್ಲ. ಸಂಜೆಯ ಒಂದೂವರೆ ಗಂಟೆ ಧಾರಾಳ ಸಾಕು. ಅದಕ್ಕಾಗಿ ಎರಡು ಗಂಟೆ ರೈಲು ಬಸ್ಸುಗಳಲ್ಲಿ ಅಲೆಯುವುದಾದರೆ ಆ ಅಲೆದಾಟವನ್ನೂ ತರಬೇತಿಯ ಆಯಾಸಕ್ಕೆ ಸೇರಿಸಿ ಲೆಕ್ಕ ಹಾಕಿ. ಎಂಟನೆಯ ತರಗತಿಯ ಬಳಿಕ ಮಗುವೇ ಹಂಬಲಿಸಿ, ಸರಕಾರದ ಕ್ರೀಡಾ ಹಾಸ್ಟೆಲಿಗೋ ತಿರುವನಂತಪುರದ ಜಿ. ವಿ. ರಾಜಾ ಕ್ರೀಡಾ ಶಾಲೆಗೋ ಆಯ್ಕೆಯಾದರೆ, ಕನ್ನಡದ ಹೆಸರಿನಲ್ಲಿ ಅದನ್ನು ತಡೆಯಬೇಡಿ. ಏಳು ವರ್ಷ ಇಲ್ಲಿ ಓದಿದ ಮಗು ಕನ್ನಡವನ್ನು ಹೊತ್ತುಕೊಂಡೇ ಹೋಗುತ್ತದೆ. ಆದರೆ ಹತ್ತರ ಮಗುವಿಗೆ ಶಾಲೆ ಬಿಡಿಸಲು ಹೇಳುವವರ ಕಣ್ಣು ಮಗುವಿನ ಮೇಲಿದೆಯೋ ತಮ್ಮ ಸಂಸ್ಥೆಯ ಸಂಖ್ಯೆಯ ಮೇಲಿದೆಯೋ ಎಂದು ಒಮ್ಮೆ ಯೋಚಿಸಿ. ಎಸ್‌ಎಸ್‌ಎಲ್‌ಸಿಯ ಗ್ರೇಸ್ ಮಾರ್ಕಿಗಾಗಿ ಆಟಕ್ಕೆ ಸೇರಿಸುವವರ ಕುರಿತು ನಾನು ಏನೂ ಹೇಳುವುದಿಲ್ಲ. ಅವರಿಗೆ ಬೇಕಾದುದು ಬೇರೆ.

ಹಣದ ವಿಷಯ ಎರಡೇ ಮಾತು. ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಬೇಡಿ, ತಿಂಗಳಿಗೆ ಕಟ್ಟಿ ರಶೀದಿ ಪಡೆಯಿರಿ. ದುಬಾರಿ ಬೂಟು ಬ್ಯಾಟುಗಳನ್ನು ಇಂಥ ಅಂಗಡಿಯಿಂದಲೇ ಕೊಳ್ಳಬೇಕೆಂದರೆ ಏಕೆಂದು ಕೇಳಿ.

ಮೂರು ತಿಂಗಳು ನೋಡಿದ ಮೇಲೆ ಸರಿಕಾಣದಿದ್ದರೆ ಬಿಡಿಸಿಬಿಡಬಹುದು. ಗುರುದ್ರೋಹವಾಗುತ್ತದೆಂದು ಅಂಜುವವರಿದ್ದಾರೆ, ಎದುರು ಹೋಗಿ, ಕೈಮುಗಿದು, ಕಾರಣ ಹೇಳಿ ಬಿಡಿಸಿದರೆ ಯಾವ ದ್ರೋಹವೂ ಇಲ್ಲ. ಬಿಡಿಸುವುದಕ್ಕೆ ಮುಂಚೆ ಮಗುವನ್ನು ಕೇಳಿ. ಸಂಜೆಯಾಗುತ್ತಲೇ ತಾನೇ ಬೂಟು ಹುಡುಕುವ ಮಗುವಿಗೂ, ಅಭ್ಯಾಸದ ದಿನ ಮಾತ್ರ ಹೊಟ್ಟೆನೋವು ಬರುವ ಮಗುವಿಗೂ ಇರುವ ಅಂತರ ತಾಯಂದಿರಿಗೆ ನಾನು ಹೇಳಿಕೊಡಬೇಕಾದುದಲ್ಲ. ಈ ಶಾಲೆಯ ಬಯಲಿನ ವಿಷಯದಲ್ಲಿಯೂ ಹಳೆ ವಿದ್ಯಾರ್ಥಿ ಸಂಘದವರಲ್ಲಿ ಒಂದು ಬೇಡಿಕೆ ಇದೆ. ಮುರಕಲ್ಲಿನ ಮೇಲೆ ಒಂದಡಿ ಮಣ್ಣು ಹಾಕಿಸಿ, ಸಂಜೆ ನಾಲ್ಕರಿಂದ ಐದೂವರೆಯ ತನಕ ಗೇಟು ತೆರೆದಿಡಿ. ಕಲಿಸಲು ಊರಿನಲ್ಲಿ ಆಟ ಬಲ್ಲ ಅಣ್ಣಂದಿರು ಅಕ್ಕಂದಿರು ಇದ್ದಾರೆ; ನನ್ನ ಕಾಲು ನಡೆಯುವ ತನಕ ನಾನೂ ಬರುತ್ತೇನೆ. ರಕ್ಷಕರು ಕುಳಿತು ನೋಡಲು ಎರಡು ಬೆಂಚುಗಳನ್ನೂ ಹಾಕಿಸಿ. ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.